ಎರಡಿಂಚು ತಂತಿ

ಮೊದಲು ಮಾಲನ್ನು ನೋಡೋಣ. ಐವತ್ತೆಂಟು ವರ್ಷ ಹಳೆಯದು. ಎತ್ತರ ಸಾಧಾರಣ. ಬಲ ಭುಜ ಎಡ ಭುಜಕ್ಕಿಂತ ಎರಡು ಬೆರಳು ಕೆಳಗೆ. ಮೂವತ್ತು ವರ್ಷ ಅದೇ ಭುಜಕ್ಕೆ ಸಾಮಾನಿನ ಚೀಲ ನೇತುಹಾಕಿಕೊಂಡು ಓಡಾಡಿದ್ದರ ಫಲ. ಹೊರಮೈ ಮಾಸಿದೆ, ಒಳಗಿನ ಬೇರಿಂಗು ಗಟ್ಟಿ. ಕನ್ನಡಕದ ಒಂದು ಕಡ್ಡಿ ಕರೀ ಟೇಪಿನ ದಯೆಯಿಂದ ನಿಂತಿದೆ. ಸದ್ದು ಕಡಿಮೆ, ಬೇಗ ಬಿಸಿಯಾಗುವುದಿಲ್ಲ, ದಿನಕ್ಕೆ ನಾಲ್ಕು ಲೋಟ ಚಹಾದ ಮೇಲೆ ಓಡುತ್ತದೆ. ದೋಷ ಒಂದೇ: ತನ್ನ ಕೆಲಸಕ್ಕೆ ತಾನು ಬೆಲೆ ಹೇಳಲು ಬರುವುದಿಲ್ಲ. ಎಷ್ಟಾಯಿತು ಎಂದು ಕೇಳಿದರೆ ನೆಲ ನೋಡುತ್ತದೆ. ಇಂಥ ಮಾಲು ಕಣ್ಣಿಗೆ ಬಿದ್ದರೆ ನನ್ನಂಥ ವ್ಯಾಪಾರಿಗೆ ಕೈ ತುರಿಸುವುದು ಸಹಜ. ಇಪ್ಪತ್ತೆರಡು ವರ್ಷ ಬೇರೆ ಅಂಗಡಿಯವರ ಕಣ್ಣಿಗೆ ಬೀಳದಂತೆ ಕಾಪಾಡಿಕೊಂಡೆ.

ಎಲ್ಲರೂ ಅವನನ್ನು ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ಉಳಿದವರು ಮೀಟರು ಹಿಡಿದು ಮೋಟರಿನ ಕಾಯಿಲೆ ಹುಡುಕಿದರೆ ಇವನು ಕೇಳಿಸಿಕೊಳ್ಳುತ್ತಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುವನು. "ಹಿಂದಿನ ಬೇರಿಂಗು, ಯಜಮಾನ್ರೇ. ಇನ್ನು ಹದಿನೈದು ದಿನ." ಹದಿಮೂರನೇ ದಿನಕ್ಕೆ ಅದು ಕಿರುಚಿ ನಿಂತರೆ, ಎರಡು ದಿನದ ಲೆಕ್ಕ ತಪ್ಪಿತಲ್ಲ ಎಂದು ಮುಖ ಸಣ್ಣ ಮಾಡಿಕೊಳ್ಳುವನು.

ನನ್ನದು ಪಂಪು, ಪೈಪು, ಈಜುಕೊಳದ ಸಾಮಾನು ಮಾರುವ ಅಂಗಡಿ. ನಾನು ಮಾರಿದ್ದನ್ನು ಕೂರಿಸುವವನು ಅವನು. ಊರಿನ ಅರ್ಧ ಈಜುಕೊಳಗಳ ಪಂಪ್ ರೂಮಿನ ಬೀಗದ ಕೈ ಅವನ ಸೊಂಟದಲ್ಲಿತ್ತು. ಆದರೆ ಅವನಿಗೆ ಈಜು ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಎಂದರೆ ಕಡಿಮೆಯಾಯಿತು, ಹೆದರುತ್ತಿದ್ದ. ಕೊಳದ ಅಂಚಿನಿಂದ ಮೂರು ಹೆಜ್ಜೆ ದೂರವಿಟ್ಟೇ ನಡೆಯುವನು. ನಾನು ಬಿಡುತ್ತೇನೆಯೇ?

"ಏನಪ್ಪಾ ಮೇಸ್ತ್ರಿ, ಬೇಕರಿಯವನು ಬನ್ನಿಗೆ ಹೆದರಿದ ಹಾಗಾಯ್ತಲ್ಲ ನಿನ್ನ ಕಥೆ."

"ಬನ್ನು ಯಾರನ್ನೂ ಮುಳುಗಿಸಲ್ಲ, ಯಜಮಾನ್ರೇ."

ಇಂಥವನಿಗೆ ಹುಟ್ಟಿದ್ದು ಒಬ್ಬಳೇ ಮಗಳು, ಅವಳು ಮೀನು. ಎಂಟನೇ ವಯಸ್ಸಿನಲ್ಲಿ ಅಪ್ಪನ ಜೊತೆ ಪಂಪ್ ರೂಮಿಗೆ ಹೋದವಳು ಅವನ ಕಣ್ಣು ತಪ್ಪಿಸಿ ನೀರಿಗೆ ಇಳಿದಳಂತೆ. ಆಮೇಲೆ ಮೇಲೆ ಬರಲೇ ಇಲ್ಲ ಎನ್ನಬೇಕು. ಈಗ ಇಪ್ಪತ್ತಾರು ವರ್ಷ, ಈಜು ಕಲಿಸುವ ಟೀಚರ್. ನನ್ನ ಮನೆಯಿಂದ ಎಂಟು ನಿಮಿಷ ನಡೆದರೆ ಸಿಗುವ ದೊಡ್ಡ ಅಪಾರ್ಟ್‌ಮೆಂಟಿನ ಕೊಳದಲ್ಲಿ ಬೆಳಿಗ್ಗೆ ಆರೂವರೆಗೆ ಒಂದು ಗುಂಪು, ಸಂಜೆ ನಾಲ್ಕಕ್ಕೆ ಇನ್ನೊಂದು. ಎಲ್ಲ ಆರೇಳು ವರ್ಷದ ಮಕ್ಕಳು. ಅದೇ ಕೊಳದ ಪಂಪ್ ರೂಮು ಅಪ್ಪನ ಪಾಲಿನದು. "ನೀರಿನ ಹೊರಗಿನ ಕೆಲಸ ನಂದು, ಒಳಗಿನದು ಅವಳ್ದು" ಎಂದು ಅವನು ಹೇಳುವಾಗ ಮುಖದಲ್ಲಿ ಹೆಮ್ಮೆಯೂ ಇರುತ್ತಿತ್ತು, ಹೆದರಿಕೆಯೂ ಇರುತ್ತಿತ್ತು. ಮಗಳು ನೀರಿನಲ್ಲಿರುವಷ್ಟು ಹೊತ್ತು ಅವನ ಉಸಿರು ಪೂರ್ತಿ ಒಳಗೆ ಹೋಗುತ್ತಿರಲಿಲ್ಲ.

ಆ ಕೊಳದ ಹಳೇ ಪಂಪು ಸುಟ್ಟುಹೋದಾಗ ಅಪಾರ್ಟ್‌ಮೆಂಟಿನ ಮ್ಯಾನೇಜರು ನನ್ನ ಅಂಗಡಿಗೆ ಬಂದ. ಶರ್ಟಿನ ಜೇಬಿನಲ್ಲಿ ಕ್ಯಾಲ್ಕುಲೇಟರ್ ಇಟ್ಟುಕೊಂಡು ಓಡಾಡುವ ಮನುಷ್ಯ. ಕರೆಂಟ್ ಬಿಲ್ಲು ಇಳಿಯಬೇಕು, ಅಷ್ಟೇ ಅವನ ಬೇಡಿಕೆ. ವೇಗ ಬದಲಿಸುವ ಹೊಸ ಪಂಪನ್ನು ನಾನು ಅವನ ಮುಂದಿಟ್ಟೆ. ಹಳೇ ಪಂಪಿಗೆ ಒಂದೇ ಓಟ, ಕುದುರೆಯ ಹಾಗೆ. ಇದು ನಡೆಯುತ್ತದೆ, ತೆವಳುತ್ತದೆ, ಬೇಕೆಂದಾಗ ಮಾತ್ರ ಓಡುತ್ತದೆ. ನಿಧಾನಕ್ಕೆ ತಿರುಗಿದಷ್ಟೂ ಕರೆಂಟು ಉಳಿತಾಯ.

"ನಮ್ಮ ಹಳೇ ಕಂಟ್ರೋಲ್ ಬಾಕ್ಸ್ ಇದನ್ನ ಓಡಿಸುತ್ತಾ?" ಎಂದ ಮ್ಯಾನೇಜರು. ಅವನ ಆಫೀಸಿನ ಗೋಡೆಯ ಮೇಲೆ ಆ ಬಾಕ್ಸಿನ ಹದಿನಾಲ್ಕು ವರ್ಷ ಹಳೆಯ ಬಟನ್ ಪಟ್ಟಿಯಿತ್ತು. ಪಂಪು, ದೀಪ, ನೀರು ಬಿಸಿ ಮಾಡುವ ಯಂತ್ರ ಎಲ್ಲಕ್ಕೂ ಅಲ್ಲಿಂದಲೇ ವೇಳೆ ಗೊತ್ತುಮಾಡುವುದು.

"ಎರಡು ತಂತಿ ಸೇರಿಸಿದ್ರೆ ಮುಗೀತು, ಸಾರ್" ಎಂದೆ ನಾನು. ಮಾರುವವನ ಬಾಯಲ್ಲಿ ಎಲ್ಲವೂ ಎರಡೇ ತಂತಿ.

ಕಿವಿ ಮೇಸ್ತ್ರಿಗೆ ಅದು ಮೂರು ದಿನದ ಕೆಲಸವಾಯಿತು. ಹಳೇ ಬಾಕ್ಸಿಗೆ ಗೊತ್ತಿದ್ದದ್ದು ಎರಡೇ ಮಾತು: ಏಳು, ಮಲಗು. ಅದರೊಳಗಿನ ರಿಲೇ ಎಂಬ ಸ್ವಿಚ್ಚು ಕರೆಂಟು ಕೊಟ್ಟರೆ ಪಂಪು ಏಳುತ್ತಿತ್ತು, ಕಿತ್ತುಕೊಂಡರೆ ಮಲಗುತ್ತಿತ್ತು. ಹೊಸ ಪಂಪಿನ ರೀತಿ ಬೇರೆ. ಅದಕ್ಕೆ ಕರೆಂಟು ಹಗಲೂ ರಾತ್ರಿ ಇರಲೇಬೇಕು. ಏಳು, ಮಲಗು, ಮೆಲ್ಲಗೆ ನಡೆ ಎಂಬ ಅಪ್ಪಣೆಗಳು ಬೇರೆ ಸಣ್ಣ ತಂತಿಯಲ್ಲಿ ಬರಬೇಕು. ಪಂಪಿನ ಜೊತೆ ಬಂದ ಪುಸ್ತಕದಲ್ಲಿ ಹಾಗೆಂದು ದಪ್ಪಕ್ಷರದಲ್ಲಿ ಬರೆದಿತ್ತು. ಮಗಳು ಓದಿ ಹೇಳಿದಳು, ಅಪ್ಪ ಚಾಚೂ ತಪ್ಪದೆ ಮಾಡಿದ. ರಿಲೇಯ ಆಚೆ ಇದ್ದ ಪಂಪಿನ ತಂತಿಯನ್ನು ಬಿಚ್ಚಿ, ರಿಲೇಯನ್ನು ದಾಟಿಸಿ, ನೇರವಾಗಿ ಮೇನ್‌ಗೆ ಕೊಟ್ಟ.

ಮೊದಲ ದಿನ ಬಾಕ್ಸು ಪಂಪನ್ನು ಗುರುತೇ ಹಿಡಿಯಲಿಲ್ಲ. ಸಣ್ಣ ತಂತಿಗಳನ್ನು ಅದಲು ಬದಲು ಮಾಡಿದ. ಎರಡನೇ ದಿನ ಗುರುತು ಹಿಡಿಯಿತು, ಆದರೆ ಬಿಸಿನೀರಿನ ಯಂತ್ರ ಎಂದು ತಪ್ಪಾಗಿ. ಮೂರನೇ ದಿನ ಪಂಪಿಗೆ ಸರಿಯಾದ ನಂಬರು ಕೊಟ್ಟ ಮೇಲೆ ಇಬ್ಬರೂ ಮಾತಾಡತೊಡಗಿದರು. ನಾನು ನೋಡಲು ಹೋದಾಗ ಅವನು ಪಂಪಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಸ್ಕ್ರೂಡ್ರೈವರ್ ಕಿವಿಗಿಟ್ಟುಕೊಂಡಿದ್ದ.

"ಏನನ್ನುತ್ತೆ?"

"ಏನೂ ಅನ್ನಲ್ಲ, ಯಜಮಾನ್ರೇ. ಅದೇ ನಂಗೆ ಆಗ್ತಿಲ್ಲ. ತಿರುಗ್ತಿದ್ಯೋ ನಿಂತಿದ್ಯೋ ಗೊತ್ತಾಗಲ್ಲ. ಹಳೇದು ಗೇಟಿನ ಹತ್ರಾನೇ ಕೂಗಿ ಹೇಳ್ತಿತ್ತು, ಇದ್ದೀನಿ ಅಂತ."

"ಸದ್ದು ಬರಬಾರದು ಅಂತಲೇ ಅಲ್ವೇನಯ್ಯಾ ಅವರು ಇಷ್ಟು ಬೆಲೆ ಕೊಟ್ಟಿದ್ದು?"

ಅವನು ಸ್ಕ್ರೂಡ್ರೈವರನ್ನು ಮತ್ತೆ ಕಿವಿಗೆ ಆನಿಸಿಕೊಂಡ.

ಅದೇ ರೂಮಿನಲ್ಲಿ, ಪಂಪಿನ ಪಕ್ಕದ ಗೋಡೆಗೆ ಎರಡು ಪುಟ್ಟ ಡೋಸಿಂಗ್ ಪಂಪುಗಳಿದ್ದವು. ಒಂದು ಕ್ಯಾನಿನಿಂದ ಕ್ಲೋರಿನ್ ದ್ರಾವಣ, ಇನ್ನೊಂದರಿಂದ ಆ್ಯಸಿಡ್; ಟಿಕ್ ಟಿಕ್ ಎನ್ನುತ್ತ ಹನಿ ಹನಿಯಾಗಿ ಕೊಳಕ್ಕೆ ಹೋಗುವ ಪೈಪಿಗೆ ಸೇರಿಸುತ್ತಿದ್ದವು. ಪೈಪಿನಲ್ಲಿ ನೀರು ಹರಿಯುತ್ತಿರುವವರೆಗೆ ಎರಡೂ ಕರಗಿ ಹೋಗುತ್ತವೆ, ಯಾರಿಗೂ ಕೇಡಿಲ್ಲ. ನೀರು ನಿಂತಿರುವಾಗ ಎರಡೂ ಒಂದೇ ಪೈಪಿನಲ್ಲಿ ಬಿದ್ದು ಬೆರೆತರೆ ಹುಟ್ಟುವುದು ವಿಷದ ಗಾಳಿ. ಇದು ಈ ಕಸುಬಿನಲ್ಲಿ ಮೊದಲ ದಿನವೇ ಕಲಿಸುವ ಪಾಠ. ಹಾಗಾಗಿ ಅವಕ್ಕೆ ಎರಡು ಕಾವಲು. ಒಂದು, ಅವುಗಳ ಕರೆಂಟು ದೊಡ್ಡ ಪಂಪಿನ ತಂತಿಯಿಂದಲೇ ಬರುತ್ತಿತ್ತು; ಪಂಪು ಮಲಗಿದರೆ ಅವೂ ಮಲಗಬೇಕು. ಇನ್ನೊಂದು, ಪೈಪಿನೊಳಗಿನ ಫ್ಲೋ ಸ್ವಿಚ್ಚು. ನೀರಿನ ರಭಸ ಅದರ ರೆಕ್ಕೆಯನ್ನು ಎತ್ತಿದರೆ ಮಾತ್ರ ಅವು ನಡೆಯುತ್ತಿದ್ದವು.

ಮೇಸ್ತ್ರಿ ದೊಡ್ಡ ಪಂಪಿನ ತಂತಿಯನ್ನು ನೇರ ಮೇನ್‌ಗೆ ಕೊಟ್ಟ ಗಳಿಗೆಯಲ್ಲೇ ಮೊದಲ ಕಾವಲು ಹೋಯಿತು. ಆ ತಂತಿಗೆ ಜೋತುಬಿದ್ದಿದ್ದ ಡೋಸಿಂಗ್ ಪಂಪುಗಳಿಗೂ ಅಂದಿನಿಂದ ಹಗಲೂ ರಾತ್ರಿ ಕರೆಂಟು. ಎರಡನೇ ಕಾವಲು ಇತ್ತಲ್ಲ, ಹಾಗಾಗಿ ಏನೂ ಕಾಣಲಿಲ್ಲ. ಅವನಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ.

ಒಂದು ವಾರಕ್ಕೆ ಕೊಳದ ನೀರು ಪಾಚಿ ಬಣ್ಣಕ್ಕೆ ತಿರುಗತೊಡಗಿತು. ಮ್ಯಾನೇಜರು ದಿನಕ್ಕೆ ಮೂರು ಸಲ ಫೋನು ಮಾಡಿ ನನ್ನ ತಲೆ ತಿಂದ. ನಾನು ಮೇಸ್ತ್ರಿಯ ತಲೆ ತಿಂದೆ. ಅವನು ಹೋಗಿ ನೋಡಿ ಪಂಪ್ ರೂಮಿನಿಂದಲೇ ಫೋನು ಮಾಡಿದ.

"ಯಜಮಾನ್ರೇ, ನೀರು ಮೆಲ್ಲಗೆ ಹರಿಯೋವಾಗ ಫ್ಲೋ ಸ್ವಿಚ್ಚಿನ ರೆಕ್ಕೆ ಏಳ್ತಾ ಇಲ್ಲ. ಹಳೇ ರಭಸಕ್ಕೆ ಅಂತ ಮಾಡಿದ್ದು ಅದು. ನೀರು ಹರೀತಿಲ್ಲ ಅಂದ್ಕೊಂಡು ಡೋಸಿಂಗ್ ನಿಲ್ಲಿಸ್ಬಿಡುತ್ತೆ. ಸೂಕ್ಷ್ಮದ್ದು ಬೇಕು."

"ನನ್ನ ಹತ್ರ ಇಲ್ಲ. ತರಿಸ್ಬೇಕು. ಎರಡು ವಾರ ಆಗುತ್ತೆ."

"ಹಂಗಾದ್ರೆ ಎರಡು ವಾರ ಪಂಪನ್ನ ಜೋರಾಗೇ ಓಡಿಸೋಣ."

"ಆಮೇಲೆ ಅವನು ಬಿಲ್ಲು ಹಿಡ್ಕೊಂಡು ನನ್ನ ಅಂಗಡಿ ಮುಂದೆ ಕೂರಲಿ ಅಂತಲಾ? ಸ್ವಿಚ್ಚಿಗೆ ಒಂದು ಲೂಪ್ ಹಾಕು. ಸ್ವಿಚ್ಚು ಬರೋವರೆಗೆ."

ಲೂಪ್ ಎಂದರೆ ಎರಡಿಂಚು ತಂತಿ. ಸ್ವಿಚ್ಚಿನ ಈ ಕಾಲಿಗೂ ಆ ಕಾಲಿಗೂ ಕಟ್ಟಿಬಿಟ್ಟರೆ, ರೆಕ್ಕೆ ಎದ್ದರೂ ಒಂದೇ, ಮಲಗಿದರೂ ಒಂದೇ. ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿದಂತೆ.

"ಯಾಕೋ ಮನಸ್ಸು ಒಪ್ತಿಲ್ಲ, ಯಜಮಾನ್ರೇ."

"ಪಂಪು ನಿಂತ್ರೆ ಅದೂ ನಿಲ್ಲುತ್ತಲ್ಲಪ್ಪಾ, ಒಂದೇ ಲೈನಿನಲ್ಲಿದೆ. ಮನಸ್ಸನ್ನ ಬದೀಗಿಟ್ಟು ಕಟಿಂಗ್ ಪ್ಲೇಯರ್ ತಗೋ."

ಹಳೇ ಪಂಪಿನ ಕಾಲದಲ್ಲಿ ನನ್ನ ಮಾತು ನಿಜವೇ. ಅವನ ತಲೆಯಲ್ಲೂ ಹದಿನಾಲ್ಕು ವರ್ಷದ ಅದೇ ಪಾಠವಿತ್ತು. ಆ ಲೈನನ್ನು ತನ್ನ ಕೈಯಾರೆ ಎತ್ತಿ ಬೇರೆ ಕಡೆ ಹಾಕಿ ಹತ್ತು ದಿನವಾಗಿತ್ತು ಅಷ್ಟೆ. ಕೈಗೆ ಗೊತ್ತಿದ್ದದ್ದು ಇನ್ನೂ ತಲೆಗೆ ಹೋಗಿ ಮುಟ್ಟಿರಲಿಲ್ಲ. ಲೂಪ್ ಹಾಕಿದ. ನಾಲ್ಕೇ ದಿನಕ್ಕೆ ನೀರು ಕನ್ನಡಿಯಾಯಿತು. ಮ್ಯಾನೇಜರು ನನಗೆ ಹೆಬ್ಬೆರಳಿನ ಚಿತ್ರ ಕಳಿಸಿದ.

ಪಂಪು ಹಗಲೂ ರಾತ್ರಿ ಮೆಲ್ಲಗೆ ತಿರುಗುತ್ತಿದ್ದಷ್ಟು ದಿನ ಕೇಡು ಮಲಗಿತ್ತು. ಆದರೆ ಮೊದಲ ಬಿಲ್ಲಿನ ಇಳಿತದ ರುಚಿ ಕಂಡ ಮ್ಯಾನೇಜರು ಸುಮ್ಮನಿದ್ದಾನೆಯೇ? ಆಫೀಸಿನ ಬಟನ್ನು ಒತ್ತಿ, ಮಧ್ಯಾಹ್ನ ಎರಡರಿಂದ ಮೂರರವರೆಗೆ ಪಂಪಿಗೆ ವಿಶ್ರಾಂತಿ ಕೊಟ್ಟ. ಯಾರಿಗೂ ಹೇಳಲಿಲ್ಲ. ಹೇಳುವಂಥ ವಿಷಯ ಎಂದು ಅವನಿಗೆ ಅನ್ನಿಸಿರಲಿಕ್ಕಿಲ್ಲ.

ಒಂದು ಸಂಜೆ ಮೇಸ್ತ್ರಿ ನನ್ನ ಅಂಗಡಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದಾಗ ಮಗಳು ಬಂದಳು. ಒದ್ದೆ ಕೂದಲು, ಕೆಂಪು ಕಣ್ಣು, ನಡುನಡುವೆ ಒಣಕೆಮ್ಮು.

"ಅಪ್ಪಾ, ನಿಮ್ಮ ಹೊಸ ಪಂಪು ಬಂದ ಮೇಲೆ, ಈಗೀಗ, ಮೂರು ಗಂಟೆ ಹೊತ್ತಿಗೆ ಮೂಗು ಉರಿಯುತ್ತೆ. ಕ್ಲಾಸಿಗೆ ಮುಂಚೆ ನೀರಿಗೆ ಹಗ್ಗ ಕಟ್ಟೋಕೆ ಹೋದ್ರೆ ಗಂಟಲು ಹಿಡಿಯುತ್ತೆ."

"ಕ್ಲೋರಿನ್ ಜಾಸ್ತಿ ಆಗಿರ್ಬೇಕು. ನೋಡ್ತೀನಿ."

"ಜಾಸ್ತಿ ಅಲ್ಲಪ್ಪ, ನಾನು ನೀರು ಪರೀಕ್ಷೆ ಮಾಡ್ದೆ. ಸರಿಯಾಗಿದೆ. ವಾಸನೆ ಮಾತ್ರ ಬೇರೆ."

"ನಿಮ್ಮಪ್ಪನ ಕಿವಿ, ನಿನ್ನ ಮೂಗು. ಇನ್ನೊಬ್ಬರು ಹುಟ್ಟಿದ್ರೆ ನಾಲಿಗೆ ಇಟ್ಟು ನೋಡ್ತಿದ್ರೋ ಏನೋ" ಎಂದೆ ನಾನು.

"ಆ ಕೆಲಸ ನೀವೇ ಮಾಡಿ ಮಾಮ, ನಿಮ್ಮ ನಾಲಿಗೆ ಸಾಕಷ್ಟು ಉದ್ದ ಇದೆ" ಎಂದು ಅವಳು ತಿರುಗಿಸಿ ಕೊಟ್ಟಳು. ನಕ್ಕಳು, ನಗು ಕೆಮ್ಮಾಯಿತು. ಮೇಸ್ತ್ರಿ ಲೋಟ ಕೆಳಗಿಟ್ಟು ಅವಳನ್ನೇ ನೋಡುತ್ತಿದ್ದ.

ಅವನು ಹೋಗಿ ನೋಡಿದ. ಒಂದಲ್ಲ, ನಾಲ್ಕು ಸಲ. ಬೆಳಿಗ್ಗೆ ಹೋದ, ಸಂಜೆ ಹೋದ. ಹೋದಾಗಲೆಲ್ಲ ಪಂಪು ಮೆಲ್ಲಗೆ ತಿರುಗುತ್ತಿತ್ತು, ಡೋಸಿಂಗ್ ಪಂಪು ಟಿಕ್ ಟಿಕ್ ಎನ್ನುತ್ತಿತ್ತು, ಪೈಪಿನಲ್ಲಿ ನೀರು ಹರಿಯುತ್ತಿತ್ತು. ಎರಡರಿಂದ ಮೂರರ ನಡುವೆ ಮಾತ್ರ ಒಮ್ಮೆಯೂ ಹೋಗಲಿಲ್ಲ. ಅದು ಅವನ ಊಟದ ಹೊತ್ತು; ಪಂಪಿನದೂ ಅದೇ ಹೊತ್ತು ಎಂದು ಅವನಿಗೆ ಯಾರು ಹೇಳಬೇಕು?

ಆದರೂ ಅವನಿಗೆ ಸಮಾಧಾನವಿರಲಿಲ್ಲ. ಪಂಪ್ ರೂಮಿನ ಬಾಗಿಲಿನ ಹೊಸ ಚಿಲಕ ಮೂರೇ ವಾರದಲ್ಲಿ ತುಕ್ಕು ಹಿಡಿದಿತ್ತು. ಫಿಲ್ಟರಿನ ನೆತ್ತಿಯ ಮೇಲಿನ ಹಿತ್ತಾಳೆಯ ಗಾಳಿ ಕವಾಟ ಹಸಿರಾಗಿತ್ತು. ಗೋಡೆಯ ಮೂಲೆಯಲ್ಲಿ ಹಲ್ಲಿಯೊಂದು ಸತ್ತು ಒಣಗಿ ಬಿದ್ದಿತ್ತು. ಇದೆಲ್ಲವನ್ನೂ ಅವನು ನನಗೆ ಒಂದೊಂದಾಗಿ ಬಂದು ಹೇಳಿದ. ಹಲ್ಲಿಯ ಸುದ್ದಿ ಕೇಳಿ ನಾನು, "ಹಾಗಾದ್ರೆ ಪೊಲೀಸಿಗೆ ತಿಳಿಸಬೇಕು" ಎಂದೆ. ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತ, "ಎರಡು ವಾರ ದಾಟಿ ಹೋಯ್ತು. ಆ ಸ್ವಿಚ್ಚು ಯಾವಾಗ ಬರುತ್ತೆ?" ಎಂದು ಕೇಳಿದ.

"ಬಂದ ತಕ್ಷಣ ನಿನಗೇ ಮೊದಲು" ಎಂದೆ.

ಬಂದದ್ದು ಗುರುವಾರ ಮಧ್ಯಾಹ್ನ. ಪಾರ್ಸೆಲ್ಲಿನವನು ಆರು ಡಬ್ಬಿಗಳ ಕಟ್ಟನ್ನು ಇಳಿಸಿ ಸಹಿ ಹಾಕಿಸಿಕೊಂಡು ಹೋದ. ಸೋಮವಾರ ಸಾಮಾನು ಬಿಚ್ಚುವುದು ನನ್ನ ಅಂಗಡಿಯ ಪದ್ಧತಿ. ಸೋಮವಾರ ಬಿಚ್ಚಿದರಾಯಿತು ಎಂದು ಮೂಲೆಗೆ ತಳ್ಳಿದೆ.

ಭಾನುವಾರ ಸಂಜೆ ಮ್ಯಾನೇಜರು ಆಫೀಸಿನ ಬಟನ್ನುಗಳ ಮುಂದೆ ಮತ್ತೆ ಕೂತ. ಮಧ್ಯಾಹ್ನ ಒಂದು ಗಂಟೆಯ ವಿಶ್ರಾಂತಿಯಿಂದ ಇಷ್ಟು ಉಳಿದರೆ ರಾತ್ರಿಯೆಲ್ಲ ಮಲಗಿಸಿದರೆ ಎಷ್ಟು? ಜೇಬಿನ ಕ್ಯಾಲ್ಕುಲೇಟರ್ ಹೊರಗೆ ಬಂತು. ರಾತ್ರಿ ಹತ್ತಕ್ಕೆ ಮಲಗು, ಬೆಳಿಗ್ಗೆ ಆರೂವರೆಗೆ ಏಳು. ಈ ಸಲ ತನ್ನ ಜಾಣತನವನ್ನು ಹೇಳಿಕೊಳ್ಳಬೇಕೆನ್ನಿಸಿತೋ ಏನೋ, ಈಜು ಟೀಚರಿಗೆ ಮೆಸೇಜು ಹಾಕಿದ.

ಸೋಮವಾರ ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷವಿರುವಾಗ ಅವಳು ಮನೆಯ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಅಪ್ಪನಿಗೆ ಹೇಳಿದಳಂತೆ: "ನಿಮ್ಮ ಪಂಪಿಗೂ ಈಗ ರಾತ್ರಿ ನಿದ್ದೆಯಂತೆ ಅಪ್ಪಾ. ಮಧ್ಯಾಹ್ನದ ನಿದ್ದೆ ಸಾಲಲಿಲ್ಲ ಅಂತ."

ಮೇಸ್ತ್ರಿ ಬಚ್ಚಲಿನ ಕನ್ನಡಿಯ ಮುಂದೆ ಮುಖಕ್ಕೆ ಸೋಪು ಹಚ್ಚಿಕೊಳ್ಳುತ್ತಿದ್ದ. "ಹ್ಞೂಂ" ಎಂದ. ಅವಳ ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲಿ ಕರಗಿತು. ಒಂದು ಕೆನ್ನೆ ಬೋಳಿಸಿದ. ಇನ್ನೊಂದು ಕೆನ್ನೆಗೆ ರೇಜರ್ ಇಟ್ಟವನು ಹಾಗೇ ನಿಂತ. ಮಧ್ಯಾಹ್ನದ ನಿದ್ದೆ. ಮೂರು ಗಂಟೆಯ ವಾಸನೆ. ಪಂಪು ಮಲಗಿದಾಗ ಡೋಸಿಂಗ್ ಮಲಗುತ್ತದೆಯೇ? ಮಲಗಲು ಕರೆಂಟು ಹೋಗಬೇಕಲ್ಲ. ಕರೆಂಟು ನೇರ ಮೇನ್‌ನಿಂದ. ನೇರ ಕೊಟ್ಟವನು ತಾನೇ. ಫ್ಲೋ ಸ್ವಿಚ್ಚಿಗೆ ಲೂಪ್.

ರಾತ್ರಿ ಹತ್ತರಿಂದ ಬೆಳಿಗ್ಗೆ ಆರೂವರೆ. ಎಂಟೂವರೆ ಗಂಟೆ, ನಿಂತ ನೀರಿನ ಪೈಪಿಗೆ, ಹನಿ ಹನಿಯಾಗಿ, ಎರಡೂ.

ಆರೂವರೆಗೆ ಪಂಪು ಎದ್ದ ತಕ್ಷಣ ಮೊದಲ ಕೆಲವು ನಿಮಿಷ ಪೂರ್ತಿ ರಭಸದಲ್ಲಿ ಓಡುತ್ತದೆ. ಅದು ಅದರ ಸ್ವಭಾವ. ಪೈಪಿನಲ್ಲಿ ತುಂಬಿರುವುದನ್ನೆಲ್ಲ ಒಂದೇ ಸಲಕ್ಕೆ ಕೊಳಕ್ಕೆ ನೂಕುತ್ತದೆ. ಆರೂವರೆಗೇ ಮಕ್ಕಳು ನೀರಿಗೆ ಇಳಿಯುವುದು.

ಅವನು ಮಗಳಿಗೆ ಫೋನು ಮಾಡಿದ. ಅವಳ ಫೋನು ಸ್ಕೂಟರಿನ ಸೀಟಿನ ಕೆಳಗಿನ ಚೀಲದಲ್ಲಿ. ಮ್ಯಾನೇಜರಿಗೆ ಮಾಡಿದ, ಸ್ವಿಚ್ ಆಫ್. ಆರು ಗಂಟೆ ಹನ್ನೆರಡು ನಿಮಿಷಕ್ಕೆ ನನಗೆ ಮಾಡಿದ. ಆಗಲೇ ಸ್ಕೂಟರ್ ಮೇಲಿದ್ದ. ಗಾಳಿಯ ಸದ್ದು ಕೇಳುತ್ತಿತ್ತು.

"ಯಜಮಾನ್ರೇ, ಡೋಸಿಂಗ್ ರಾತ್ರಿಯೆಲ್ಲ ನಡ್ದಿದೆ. ಪಂಪು ನಿಂತಿತ್ತು. ಆ ಲೈನು ನಾನು ನೇರ ಹಾಕಿದ್ದೆ, ನಾವಿಬ್ರೂ ಮರ್ತ್ವಿ. ನೀವು ಹತ್ರ ಇದೀರಿ. ಓಡಿ. ಪಂಪ್ ರೂಮಿನ ಮೇನ್ ಇಳಿಸಿ. ಮಕ್ಕಳನ್ನ ನೀರಿಗೆ ಬಿಡ್ಬೇಡ ಅನ್ನಿ ಅವಳಿಗೆ. ನಾನು ಬರೋದು ಆರೂವರೆ ದಾಟುತ್ತೆ."

"ಹೊರಟೆ" ಎಂದೆ.

ಹೊರಟೆ ಎಂಬುದು ಸುಳ್ಳಲ್ಲ. ಐದು ನಿಮಿಷದೊಳಗೆ ಅಂಗಿ ತೊಟ್ಟು ಬಾಗಿಲಲ್ಲಿದ್ದೆ. ಅಪಾರ್ಟ್‌ಮೆಂಟಿಗೆ ಬಲಕ್ಕೆ ಹೋಗಬೇಕು. ನಾನು ಎಡಕ್ಕೆ, ಅಂಗಡಿಯ ಕಡೆ ತಿರುಗಿದೆ. ತಲೆಯಲ್ಲಿ ಓಡಿದ್ದು ಇಷ್ಟೇ: ಬರಿಗೈಯಲ್ಲಿ ಹೋದರೆ ಲೂಪ್ ಹಾಕಿಸಿದವನಾಗುತ್ತೇನೆ, ಸ್ವಿಚ್ಚು ಹಿಡಿದು ಹೋದರೆ ಸ್ವಿಚ್ಚು ತಂದವನಾಗುತ್ತೇನೆ. ಅಷ್ಟೆಲ್ಲ ಆಗಲಿಕ್ಕಿಲ್ಲ, ಮೇಸ್ತ್ರಿ ಹೆದರುಪುಕ್ಕಲ, ಎಂದೂ ಅಂದುಕೊಂಡೆ. ಶಟರಿನ ಎರಡು ಬೀಗ ತೆಗೆದೆ. ಕಟ್ಟು ಬಿಚ್ಚಿದೆ; ಬೇಕಾದ ಡಬ್ಬಿ ಎಲ್ಲಕ್ಕಿಂತ ಕೆಳಗಿತ್ತು. ಅದರ ಮೇಲೆ ಅಂಟಿಸಿದ್ದ ಗುರುವಾರದ ತಾರೀಖಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದೆ. ಪೂರ್ತಿ ಬರಲಿಲ್ಲ, ಮತ್ತೆ ಕೆರೆದೆ. ಆಮೇಲೆ ಬೇಗ ಬೇಗ ನಡೆದೆ. ನೇರವಾಗಿ ಹೋಗಿದ್ದರೆ ಪಂಪು ಏಳುವುದಕ್ಕೆ ಐದು ನಿಮಿಷ ಮೊದಲೇ ಮೇನ್ ನನ್ನ ಕೈಯಲ್ಲಿರುತ್ತಿತ್ತು.

ನಾನು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆದದ್ದನ್ನು ಅಪಾರ್ಟ್‌ಮೆಂಟಿನ ಗೇಟಿನ ಕಾವಲುಗಾರ ಹೇಳಿದ.

ಮೇಸ್ತ್ರಿ ಗೇಟಿನಲ್ಲೇ ಸ್ಕೂಟರನ್ನು ಬೀಳಿಸಿ ಓಡಿ ಬಂದನಂತೆ, ಒಂದು ಕೆನ್ನೆಯ ಮೇಲೆ ಸೋಪು ಹಾಗೇ ಇತ್ತಂತೆ. ಪಂಪು ಎದ್ದು ಎರಡು ನಿಮಿಷವಾಗಿತ್ತು. ಹನ್ನೊಂದು ಮಕ್ಕಳು ನೀರಿನಲ್ಲಿ. ಅವನು "ಹೊರಗೆ" ಎಂದು ಕೂಗಿದ್ದು ಒಂದೇ ಸಲ. ಮಗಳು ಯಾಕೆ ಎಂದು ಕೇಳಲಿಲ್ಲ. ಅಪ್ಪ ಕೊಳದ ಅಂಚಿಗೆ ಬಂದು ನಿಂತಿದ್ದನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ, ಅದೇ ಸಾಕಾಯಿತು. ಮೂರು ಉದ್ದದ ಸೀಟಿ ಊದಿದಳು. ಮೂರು ಸೀಟಿಗೆ ಎಲ್ಲಿದ್ದರೂ ಗೋಡೆ ಹತ್ತಬೇಕೆಂದು ಮಕ್ಕಳಿಗೆ ಮೊದಲ ವಾರವೇ ಕಲಿಸಿದ್ದಳು. ಹತ್ತು ಮಕ್ಕಳು ಹತ್ತಿದರು. ಒಬ್ಬಳು ಹುಡುಗಿ ನೀರು ಒಳಬರುವ ತೂತಿನ ಪಕ್ಕದಲ್ಲೇ ಕಂಬಿ ಹಿಡಿದು ಕೆಮ್ಮುತ್ತಿದ್ದಳು. ಅವಳ ಸುತ್ತ ನೀರು ಸೋಡಾದಂತೆ ಗುಳ್ಳೆ ಎಬ್ಬಿಸುತ್ತಿತ್ತು. ಟೀಚರ್ ನೀರಿಗೆ ಹಾರಿದಳು.

ಅಪ್ಪ ಅವಳ ಹಿಂದೆ ಹೋಗಲಿಲ್ಲ. ಪಂಪ್ ರೂಮಿಗೆ ಓಡಿದ. ಪಂಪು ನಿಲ್ಲದಿದ್ದರೆ ಅವಳು ಬದುಕಿ ಬರುವುದಿಲ್ಲ ಎಂದು ಅಲ್ಲಿ ಗೊತ್ತಿದ್ದವನು ಅವನೊಬ್ಬನೇ. ಒಳಗೆ ಫಿಲ್ಟರಿನ ನೆತ್ತಿಯ ಕವಾಟ ಹಳದಿ ಹಸಿರು ಹೊಗೆಯನ್ನು ಉಗುಳುತ್ತಿತ್ತು. ಮೇನ್ ಇರುವುದು ಎದುರು ಗೋಡೆಯಲ್ಲಿ. ಒಳಗೆ ನಾಲ್ಕು ಹೆಜ್ಜೆ ಹೋದ, ಮೇನ್ ಇಳಿಸಿದ. ಹಿಂದಕ್ಕೆ ಎರಡು ಹೆಜ್ಜೆ ಬರಲು ಸಾಧ್ಯವಾಯಿತು. ಉಳಿದೆರಡನ್ನು ಕಾವಲುಗಾರ ಅಂಗಿಯ ಕಾಲರ್ ಹಿಡಿದು ಎಳೆದ.

ನಾನು ಗೇಟಿನೊಳಗೆ ಬಂದಾಗ ಅವನು ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಉಸಿರು ಗರಗಸದಂತೆ ಬರುತ್ತಿತ್ತು. ಮಗಳು ಹತ್ತು ಮಾರು ದೂರದಲ್ಲಿ ಮಂಡಿಯೂರಿ ವಾಂತಿ ಮಾಡುತ್ತಿದ್ದಳು. ಆ ಪುಟ್ಟ ಹುಡುಗಿ ಅವಳ ಬೆನ್ನು ಸವರುತ್ತಿದ್ದಳು. ಯಾರೋ ಒಬ್ಬ ಹೆಂಗಸು, "ನೋಡಿ, ಅಂಗಡಿಯವರು ಪಾಪ ಸಾಮಾನು ಹಿಡ್ಕೊಂಡು ಓಡಿ ಬಂದಿದಾರೆ" ಎಂದಳು. ಮೇಸ್ತ್ರಿ ನನ್ನ ಮುಖ ನೋಡಿದ. ಆಮೇಲೆ ಡಬ್ಬಿ ನೋಡಿದ.

ಹುಡುಗಿ ಎರಡು ದಿನಕ್ಕೆ ಮನೆಗೆ ಹೋದಳು. ಮಗಳು ಆರು ದಿನಕ್ಕೆ. ಅವನು ಇಪ್ಪತ್ತಮೂರು ದಿನ ಆಸ್ಪತ್ರೆಯಲ್ಲಿದ್ದ. ಈಗ ಮೆಟ್ಟಿಲು ಹತ್ತುವಾಗ ನಾಲ್ಕಕ್ಕೊಮ್ಮೆ ನಿಲ್ಲುತ್ತಾನೆ. ಕ್ಲೋರಿನ್ ಇರುವ ಕಡೆ ಇನ್ನು ಕಾಲಿಡಬಾರದು ಎಂದಿದ್ದಾರೆ ಡಾಕ್ಟರು. ಅವನಿಗೆ ಗೊತ್ತಿರುವ ಕೆಲಸವೆಲ್ಲ ಕ್ಲೋರಿನ್ ಇರುವ ಕಡೆಯೇ.

ಅಪಾರ್ಟ್‌ಮೆಂಟಿನ ಸಮಿತಿ ವಿಚಾರಣೆಗೆ ಕೂತಿತು. ಸಾಮಾನಿನ ವಿಷಯ ತಿಳಿದವನೆಂದು ನನ್ನನ್ನು ಮೇಜಿನ ಆ ಬದಿಯಲ್ಲಿ, ಅವರ ಜೊತೆ ಕೂರಿಸಿದರು. ಮೇಸ್ತ್ರಿಗೆ ಈ ಬದಿಯಲ್ಲಿ ಕುರ್ಚಿ. ಮ್ಯಾನೇಜರು ಆ ಎರಡಿಂಚು ತಂತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮೇಜಿನ ಮೇಲಿಟ್ಟಿದ್ದ.

"ಇದನ್ನ ಹಾಕಿದ್ದು ಯಾರು?"

"ನಾನೇ, ಸಾರ್."

"ಯಾರು ಹೇಳಿದ್ರು ಹಾಕೋಕೆ?"

ಅವನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಏನಾದರೂ ಹೇಳುತ್ತಿದ್ದೆನೋ ಏನೋ. ಹಾಗೆಂದು ನಂಬಲು ನನಗೆ ಇಷ್ಟ. "ಯಾರಾದ್ರೂ ಹೇಳಿದ್ರೆ ತಂತಿ ತಾನಾಗೇ ಹೋಗಿ ಕಟ್ಕೊಳ್ಳುತ್ತಾ ಸಾರ್? ಕೈ ನಂದು" ಎಂದ. ನಾನು ಮುಂದಿದ್ದ ಚಹಾ ಕುಡಿದೆ.

ಮರುದಿನ ಅವರ ನೋಟಿಸ್ ಬೋರ್ಡಿನಲ್ಲಿ ಅವನ ಫೋಟೊ ಬಂತು: ಈ ವ್ಯಕ್ತಿಯನ್ನು ಪಂಪ್ ರೂಮಿಗೆ ಬಿಡಬಾರದು. ಫೋಟೊ ಫೋನಿನಿಂದ ಫೋನಿಗೆ ಹೋಗಿ, ಒಂದು ವಾರದಲ್ಲಿ ಉಳಿದ ಕೊಳದವರೂ ಬೀಗದ ಕೈಗಳನ್ನು ವಾಪಸ್ಸು ಕೇಳಿದರು. ಅವನ ಮಗಳ ಕ್ಲಾಸಿನಿಂದ ಇಬ್ಬರು ಮಕ್ಕಳ ತಾಯಂದಿರು ಮಕ್ಕಳನ್ನು ಬಿಡಿಸಿದರು. ಆ ಮೇಸ್ತ್ರಿಯ ಮಗಳಂತೆ ಎಂಬ ಮಾತು ಹಬ್ಬಿತ್ತು. ಮ್ಯಾನೇಜರು ನನ್ನಲ್ಲಿ ಇನ್ನೆರಡು ಪಂಪಿಗೆ ಹೇಳಿ ಹೋದ.

ಕಳೆದ ತಿಂಗಳು ಅವನ ಮನೆಗೆ ಹೋಗಿದ್ದೆ. ಅವನ ಹೆಂಡತಿ ಬಾಗಿಲು ತೆರೆದು, "ಬಂದ್ರಾ ಅಣ್ಣಾ. ದಾರಿ ಈಗ ನೆನಪಾಯ್ತಾ" ಎಂದು ಒಳಗೆ ಹೋದಳು. ಅವನು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ, ಮಡಿಲಲ್ಲಿ ಮಿಕ್ಸಿಯ ಮೋಟರು, ಅಕ್ಕಪಕ್ಕದವರ ಮನೆಯದು. ಹವೆ, ಮಳೆ, ಮಗಳ ಮದುವೆ ಮಾತಾಡಿದೆವು. ಹೊರಡುವಾಗ ಅವನು ಕೇಳಿದ.

"ಯಜಮಾನ್ರೇ, ಆ ಡಬ್ಬಿ ಯಾವತ್ತು ಬಂದಿತ್ತು?"

"ಅವತ್ತು ಬೆಳಿಗ್ಗೆನೇ" ಎಂದೆ.

ಅವನು ತಲೆಯಾಡಿಸಿ ಮತ್ತೆ ಮೋಟರಿನ ಕಡೆ ಬಾಗಿದ. ಬೆಳಿಗ್ಗೆ ಆರು ಗಂಟೆಗೆ ಯಾವ ಪಾರ್ಸೆಲ್ಲೂ ಬರುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತು.

ಡಬ್ಬಿ ಗುರುವಾರ ಬಂದಿತ್ತು. ಲೂಪ್ ಹಾಕು ಎಂದವನು ನಾನು. ಅವನು ಓಡಿ ಎಂದಾಗ ಎಡಕ್ಕೆ ತಿರುಗಿದವನೂ ನಾನು. ಇದನ್ನು ಆ ಸಮಿತಿಯ ಮುಂದೆ, ಮೇಜಿನ ಈ ಬದಿಯ ಕುರ್ಚಿಯಲ್ಲಿ ಕೂತು, ಅವನೂ ಅವನ ಮಗಳೂ ಕೇಳುವಂತೆ ಹೇಳಿ, ಆ ಬೋರ್ಡಿನಿಂದ ಅವನ ಫೋಟೊ ತೆಗೆಸುವುದು ನಾನು ಅವನಿಗೆ ಕೊಡಬೇಕಾದ ಬಾಕಿ. ಇನ್ನೂ ಕೊಟ್ಟಿಲ್ಲ.